ಡಾಕ್ಯುಮೆಂಟೇಶನ್‌ನಲ್ಲಿದ್ದ ಕಮಾಂಡೇ ತಪ್ಪಾಗಿದ್ದರೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಕೆಲಸಕ್ಕೆ ಸೇರಿ 3 ತಿಂಗಳಾಯಿತು. ಒಂದು ಟೂಲ್‌ನ ಡಾಕ್ಯುಮೆಂಟೇಶನ್‌ನಲ್ಲಿದ್ದ ಉದಾಹರಣೆ ಕಮಾಂಡನ್ನು ಟರ್ಮಿನಲ್‌ಗೆ ಪೇಸ್ಟ್ ಮಾಡಿದೆ. ಫೈಲ್ ಹೆಸರು ಮಾತ್ರ ಬದಲಾಯಿಸಿದ್ದೆ. ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲ್ ಪೂರ್ತಿ ಖಾಲಿಯಾಯಿತು. ಲೀಡ್‌ಗೆ ಹೇಳಲು ಭಯ. ನಿಮಗೂ ಹೀಗಾಗಿದೆಯಾ? ಮೊದಲೇ ಗೊತ್ತುಮಾಡಿಕೊಳ್ಳುವುದು ಹೇಗೆ?

ಉತ್ತರ: ಆಗಿದೆ, ಬಹುಶಃ ಇದೇ ಕಾರಣಕ್ಕೆ. ಉದಾಹರಣೆಯಲ್ಲಿ ಫೈಲ್ ಹೆಸರಿನ ಎಡಕ್ಕೆ ಲೆಸ್ ದ್ಯಾನ್, ಬಲಕ್ಕೆ ಗ್ರೇಟರ್ ದ್ಯಾನ್ ಗುರುತು ಇತ್ತಾ? 'ಇಲ್ಲಿ ನಿಮ್ಮ ಹೆಸರು ಹಾಕಿ' ಎಂದು ತೋರಿಸಲು ಬರೆದವರು ಅದನ್ನು ಹಾಕುತ್ತಾರೆ. ಅನುಭವ ಇದ್ದವರು ತೆಗೆದುಬಿಡುತ್ತಾರೆ. ಹೊಸಬರಿಗೆ ಯಾರು ಹೇಳಬೇಕು? ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸುವ ಬ್ಯಾಶ್ ಎಂಬ ಪ್ರೋಗ್ರಾಂಗೆ ಅದರ ಅರ್ಥವೇ ಬೇರೆ. ಎಡದ ಗುರುತು ಎಂದರೆ ಈ ಫೈಲ್‌ನಿಂದ ಓದು. ಬಲದ ಗುರುತು ಎಂದರೆ ಮುಂದೆ ಬರುವ ಫೈಲ್‌ಗೆ ಬರೆ. ಬರೆಯಲು ತೆರೆಯುವಾಗಲೇ ಅದು ಆ ಫೈಲನ್ನು ಖಾಲಿ ಮಾಡುತ್ತದೆ, ಕಮಾಂಡ್ ಓಡುವ ಮೊದಲೇ. ಕಮಾಂಡಿನ ಹೆಸರೇ ತಪ್ಪಿದ್ದು ಎರರ್ ಬಂದರೂ ಅಷ್ಟರಲ್ಲಿ ಫೈಲ್ ಹೋಗಿರುತ್ತದೆ.

ನನ್ನ ಫೈಲ್ ಹೋದಾಗ ಅದು ಹಳೆಯ ಪ್ರತಿ ಉಳಿಸಿಡುವ ಗಿಟ್‌ನಲ್ಲೂ ಇರಲಿಲ್ಲ. ಅರ್ಧ ದಿನ ಕೂತು ನೆನಪು ಮಾಡಿಕೊಂಡು ಮತ್ತೆ ಬರೆದೆ. ಅವತ್ತೇ ಬ್ಯಾಶ್‌ನ ನೋಕ್ಲಾಬರ್ ಆಯ್ಕೆ ಹಾಕಿಕೊಂಡೆ. ಅದಿದ್ದರೆ ಈ ಗುರುತಿನಿಂದ ಇರುವ ಫೈಲ್ ಅಳಿಯಲು ಬಿಡುವುದಿಲ್ಲ. ಕಮಾಂಡನ್ನು ಓಡಿಸದೆ ಬರೀ ಪರದೆ ಮೇಲೆ ತೋರಿಸುವ ಎಕೋವನ್ನು ಅದರ ಮುಂದೆ ಸೇರಿಸಿ ನೋಡಿ ಎಂದು ಕೆಲವರು ಹೇಳುತ್ತಾರೆ. ಒಳ್ಳೆಯ ಅಭ್ಯಾಸವೇ, ಆದರೆ ಇಲ್ಲಿ ಕಾಪಾಡುವುದಿಲ್ಲ. ಗ್ರೇಟರ್ ದ್ಯಾನ್ ಇದ್ದರೆ ಎಕೋ ಕೂಡ ಆ ಫೈಲ್ ಮೇಲೆಯೇ ಬರೆಯುತ್ತದೆ.

ಲೀಡ್‌ಗೆ ಇವತ್ತೇ ಹೇಳಿ. ನಿಮ್ಮ ನಂತರ ಬರುವವರೂ ಅದೇ ಸಾಲನ್ನು ಪೇಸ್ಟ್ ಮಾಡುತ್ತಾರೆ, ಅಲ್ವಾ?

ಇನ್ನೊಬ್ಬರು: ನಮ್ಮ ಟೀಮಿಗೆ ಜಾಸ್ತಿ ಕಾಟ ಕೊಟ್ಟದ್ದು ಕೋಟ್ ಗುರುತು. ಸೆಟಪ್ ನೋಟ್ಸನ್ನು ಯಾರೋ ವರ್ಡ್‌ನಲ್ಲಿ ಬರೆದಿಟ್ಟಿದ್ದರು. ವರ್ಡ್ ತಾನಾಗಿಯೇ ನೇರ ಕೋಟನ್ನು ಬಾಗಿದ ಕೋಟ್ ಮಾಡುತ್ತದೆ, ಜೋಡಿ ಹೈಫನ್ನನ್ನು ಉದ್ದ ಗೆರೆ ಮಾಡುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಕಷ್ಟ. ಬ್ಯಾಶ್ ಮಾತ್ರ ಬಾಗಿದ ಕೋಟನ್ನು ಕೋಟ್ ಎಂದೇ ಒಪ್ಪುವುದಿಲ್ಲ.

ಸಾಲಿನ ಮೊದಲಿಗೆ ಇರುವ ಗುರುತನ್ನೂ ನೋಡಿ. ಡಾಲರ್ ಇದ್ದರೆ ಸಾಮಾನ್ಯ ಯೂಸರ್, ಹ್ಯಾಶ್ ಇದ್ದರೆ ಎಲ್ಲ ಅಧಿಕಾರ ಇರುವ ರೂಟ್ ಯೂಸರ್ ಎಂದು ತೋರಿಸುವ ಪದ್ಧತಿ. ಡಾಲರ್ ಸೇರಿಸಿ ಪೇಸ್ಟ್ ಮಾಡಿದರೆ 'ಕಮಾಂಡ್ ನಾಟ್ ಫೌಂಡ್' ಎನ್ನುತ್ತದೆ, ತಕ್ಷಣ ಗೊತ್ತಾಗುತ್ತದೆ. ಹ್ಯಾಶ್ ಸೇರಿದರೆ ಇಡೀ ಸಾಲು ಕಾಮೆಂಟ್, ಅಂದರೆ ಬ್ಯಾಶ್ ಓಡಿಸದೆ ಬಿಡುವ ಟಿಪ್ಪಣಿ, ಆಗಿಬಿಡುತ್ತದೆ. ಎರರ್ ಇಲ್ಲ, ಕೆಲಸವೂ ಇಲ್ಲ. ಆಯಿತು ಅಂದುಕೊಂಡು ನಾವು ಮುಂದಿನ ಸಾಲಿಗೆ ಹೋಗಿರುತ್ತೇವೆ. ನನಗೆ ಇದೇ ಹೆಚ್ಚು ಅಪಾಯ ಅನಿಸುತ್ತದೆ.

ಮತ್ತೊಬ್ಬರು: ಅನುಭವಿಗಳು ಬರೆದದ್ದರಲ್ಲೂ ತಪ್ಪು ನುಸುಳುತ್ತದೆ. ಲಿನಕ್ಸ್ ಲ್ಯಾಪ್‌ಟಾಪ್‌ಗಳಲ್ಲಿ ಎನ್ವಿಡಿಯಾ ಆಪ್ಟಿಮಸ್ (ಎರಡು ಗ್ರಾಫಿಕ್ಸ್ ಚಿಪ್‌ಗಳ ನಡುವೆ ಬದಲಾಯಿಸುವ ವ್ಯವಸ್ಥೆ) ಬಳಸಲು ಬಂಬಲ್‌ಬೀ ಎಂಬ ಪ್ರಾಜೆಕ್ಟ್ ಇತ್ತು. 2011ರಲ್ಲಿ ಅದರ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ಯುಎಸ್‌ಆರ್ ಎಂಬ ಹೆಸರಾದ ಮೇಲೆ ಒಂದು ಸ್ಪೇಸ್ ಹೆಚ್ಚಿಗೆ ಬಿದ್ದಿತ್ತು. ಸ್ಪೇಸ್ ಬಂದರೆ ಒಂದು ಹೆಸರು ಎರಡಾಗುತ್ತದೆ. ಹಾಗಾಗಿ ಅದರೊಳಗಿನ ಒಂದು ಜಾಗ ಮಾತ್ರ ಅಳಿಸಬೇಕಿದ್ದ ಆರ್‌ಎಂ ಕಮಾಂಡ್ ಇಡೀ ಯುಎಸ್‌ಆರ್ ಫೋಲ್ಡರ್ ಅಳಿಸುತ್ತಿತ್ತು. ಸಿಸ್ಟಮ್‌ನ ಬಹುಪಾಲು ಪ್ರೋಗ್ರಾಂಗಳು ಇರುವುದೇ ಅಲ್ಲಿ. ಒಂದು ಸ್ಪೇಸ್!

ಈಗ ನಾನು ಆರ್‌ಎಂ ಇರುವ ಸಾಲನ್ನು ನೇರವಾಗಿ ಓಡಿಸುವುದಿಲ್ಲ. ಮೊದಲು ಆರ್‌ಎಂ ಮತ್ತು ಅದರ ಆಯ್ಕೆಗಳನ್ನು ತೆಗೆದು ಆ ಜಾಗದಲ್ಲಿ ಹೆಸರುಗಳನ್ನು ಬರೀ ಪಟ್ಟಿ ಮಾಡಿ ತೋರಿಸುವ ಎಲ್‌ಎಸ್ ಹಾಕುತ್ತೇನೆ. ಯಾವ್ಯಾವ ಫೋಲ್ಡರ್‌ಗೆ ಕೈ ಹಾಕುತ್ತಿದ್ದೇನೆ ಎಂದು ಕಣ್ಣಿಗೆ ಕಾಣುತ್ತದೆ. ಅರ್ಧ ನಿಮಿಷದ ಕೆಲಸ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಹೌದು, ಆ ಎರಡು ಗುರುತು ಹಾಗೇ ಇತ್ತು. ಹೆಸರು ಬದಲಾಯಿಸಿ ಗುರುತು ಬಿಟ್ಟಿದ್ದೆ. ಲೀಡ್‌ಗೆ ಹೇಳಿದೆ, ಬೈಯಲಿಲ್ಲ. ಹಿಂದಿನ ದಿನದ ಬ್ಯಾಕಪ್ ಹುಡುಕಿಕೊಟ್ಟರು. ಡಾಕ್ಯುಮೆಂಟೇಶನ್ ತಿದ್ದಿ ಕಳಿಸಿದ್ದೇನೆ, ಗುರುತು ತೆಗೆದು ಸುಮ್ನೆ 'ನಿಮ್ಮ ಫೈಲ್' ಎಂದು ಹಾಕಿದ್ದೇನೆ. ಅವರು ಒಪ್ಪಿಕೊಂಡರೆ ಇಲ್ಲಿ ಬಂದು ಹೇಳುತ್ತೇನೆ.