ಪಕ್ಕದ ಪಾಳು ಮನೆ ಬೀಳೋ ಹಾಗಿದೆ, ಯಾರ ಹತ್ತಿರ ಹೋಗೋದು? (ಮೈಸೂರು)

ಮೂರನೇ ಅಡ್ಡರಸ್ತೆ:
ನಮ್ಮದು ಅಗ್ರಹಾರದ ಕಡೆ ಸಣ್ಣ ರಸ್ತೆ. ಪಕ್ಕದ್ದು ಹಳೇ ಹೆಂಚಿನ ಮನೆ, ಮಣ್ಣಿನ ಗೋಡೆ. ಅಲ್ಲಿದ್ದ ಅಜ್ಜಿ ತೀರಿಕೊಂಡ ಮೇಲೆ ಬೀಗ ಬಿದ್ದಿದೆ, ಮಕ್ಕಳು ಪಾಲಿಗಾಗಿ ಕೋರ್ಟಿನಲ್ಲಿದ್ದಾರೆ. ಫೋನ್ ಮಾಡಿದರೆ "ಕೇಸ್ ಇದೆ, ಯಾರೂ ಮುಟ್ಟೋ ಹಾಗಿಲ್ಲ" ಅಂತಾರೆ. ಹೋದ ಮಳೆಗಾಲದಲ್ಲಿ ಹಿಂದಿನ ಸೂರು ಕುಸಿಯಿತು. ಗೋಡೆಯಲ್ಲಿ ಅರಳಿ ಗಿಡ ಬೆಳೆದಿದೆ, ಒಳಗೆ ಹಾವಿದೆ ಅಂತಾನೂ ಹೇಳ್ತಾರೆ (ನಾನು ನೋಡಿಲ್ಲ, ಹೆಗ್ಗಣ ಮಾತ್ರ ಗ್ಯಾರಂಟಿ). ಈಗ ಬೀದಿ ಕಡೆ ಗೋಡೆ ಹೊಟ್ಟೆ ಬಿಟ್ಟಿದೆ, ಸ್ಕೂಲ್ ವ್ಯಾನ್ ನಿಲ್ಲೋದು ಸರಿಯಾಗಿ ಅದರ ಬುಡದಲ್ಲೇ. ಖಾಸಗಿ ಮನೆಗೆ ಪಾಲಿಕೆಯವರು ಕೈ ಹಾಕಬಹುದಾ?

ಕರಿಕೋಟು:
ಹಾಕಬಹುದು. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ ಅಪಾಯದ ಕಟ್ಟಡಗಳಿಗೇ ಅಂತ ಅವಕಾಶ ಇದೆ. ಕಮಿಷನರ್ ಮಾಲೀಕರಿಗೆ ನೋಟಿಸ್ ಕೊಟ್ಟು ರಿಪೇರಿ ಮಾಡಿ, ಊರೆ (ಬೀಳದ ಹಾಗೆ ಆಸರೆ) ಕೊಡಿ, ಇಲ್ಲವೇ ಕೆಡವಿ ಅನ್ನಬಹುದು. ತುಂಬಾ ತುರ್ತು ಅನಿಸಿದರೆ ತಾವೇ ಬೇಲಿ ಹಾಕಿಸಿ, ಬೀಳೋ ಭಾಗ ಇಳಿಸಿ, ಖರ್ಚನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಪಾಲಿನ ದಾವೆ ಅಣ್ಣತಮ್ಮಂದಿರ ನಡುವಿನದು, ಪಾಲಿಕೆ ಅದರಲ್ಲಿ ಪಾರ್ಟಿ ಅಲ್ಲದಿದ್ದರೆ ಮಾಲೀಕರು ಅದನ್ನು ತೋರಿಸಿ ತಪ್ಪಿಸಿಕೊಳ್ಳೋದು ಕಷ್ಟ. ವಲಯ ಕಚೇರಿಗೆ ಫೋಟೋ ಸಮೇತ ಅರ್ಜಿ ಕೊಡಿ, ಸ್ವೀಕೃತಿ ಇಲ್ಲದೆ ಅಲ್ಲಿಂದ ಏಳಬೇಡಿ. ಅದೂ ಆಗಲಿಲ್ಲ ಅಂದ್ರೆ ಉಪವಿಭಾಗಾಧಿಕಾರಿ ಇದ್ದಾರೆ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 152ನೇ ಕಲಂ ಪ್ರಕಾರ ಜನರಿಗೆ ಅಪಾಯ ಆಗೋ ಕಟ್ಟಡದ ಬಗ್ಗೆ ಅವರು ಆದೇಶ ಮಾಡಬಹುದು, ಹಿಂದೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 133 ಇತ್ತಲ್ಲ, ಅದೇ.

ಗಾರೆ ಕೆಲಸ:
ಅರ್ಜಿ ಕೊಡಿ ಸರ್, ಆದರೆ ಒಂದು ಮಾತು. ನಿಮಗೂ ಅವರಿಗೂ ಜಂಟಿ ಗೋಡೆ ಇದೆಯಾ? ಹಳೇ ಅಗ್ರಹಾರದ ಮನೆಗಳಲ್ಲಿ ಜಾಸ್ತಿ ಹಾಗೇ ಇರುತ್ತೆ. ಇದ್ದರೆ ಜೆಸಿಬಿ ತರೋಕೆ ಬಿಡಲೇಬೇಡಿ, ಅವರ ಮನೆ ಜೊತೆ ನಿಮ್ಮ ಗೋಡೆಯೂ ಹೋಗುತ್ತೆ. ಮೊದಲು ಹೆಂಚು, ಆಮೇಲೆ ರೀಪು, ಆಮೇಲೆ ತೊಲೆ, ಕೊನೆಗೆ ಗೋಡೆ, ಹೀಗೆ ಮೇಲಿಂದ ಆಳುಗಳ ಕೈಯಲ್ಲೇ ಇಳಿಸಬೇಕು. ಅರಳಿ ಗಿಡವನ್ನು ಎಳೆದು ಕೀಳಬೇಡಿ, ಬೇರಿನ ಜೊತೆ ಗೋಡೆನೂ ಬರುತ್ತೆ. ಕತ್ತರಿಸಿ ಬಿಡಿ ಸಾಕು. ಮಣ್ಣಿನ ಗೋಡೆ ಒಣಗಿದ್ದಾಗ ಕಲ್ಲಿನ ಹಾಗೆ ನಿಲ್ಲುತ್ತೆ, ಸೂರು ಹೋಗಿ ತಲೆ ಮೇಲೆ ನೀರು ಇಳಿಯೋಕೆ ಶುರುವಾದ ಮೇಲೆ ನಂಬೋ ಹಾಗಿಲ್ಲ. ಮಳೆ ನಿಂತ ಎರಡು ದಿನ ಬಿಟ್ಟೂ ಬೀಳುತ್ತೆ.

ಚಾಮುಂಡಿಪುರಂ ಅಕ್ಕ:
ಎಲ್ಲರೂ ಕೆಡವೋ ಮಾತೇ ಆಡ್ತಿದ್ದೀರಲ್ಲ! ಇರೋ ನಾಲ್ಕು ಹಳೇ ಮನೆನೂ ಹೋದರೆ ಮೈಸೂರಲ್ಲಿ ಇನ್ನೇನು ಉಳಿಯುತ್ತೆ? ಊರೆ ಕೊಟ್ಟು ಉಳಿಸೋಕೆ ಆಗಲ್ವಾ?

ಕರಿಕೋಟು:
ಉಳಿಸೋರು ಇದ್ದರೆ ಉಳಿಸಲಿ ಮೇಡಂ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ಕು ಜನ ಸತ್ತರು, ಅದು ಪಾರಂಪರಿಕ ಕಟ್ಟಡವೇ. 2022ರಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಕಟ್ಟಡವೂ ಕುಸಿಯಿತು, ಅಲ್ಲಿ ಬಿರುಕು ನೋಡಿ ಮೊದಲೇ ಹುಡುಗಿಯರನ್ನು ಹೊರಗೆ ಕಳಿಸಿದ್ದಕ್ಕೆ ಜೀವ ಉಳಿಯಿತು. ಕೆಡವೋದೋ ಉಳಿಸೋದೋ ಆಮೇಲೆ ಜಗಳ ಆಡೋಣ, ಮೊದಲು ಗೋಡೆ ಬುಡದಿಂದ ಜನ ದೂರ ಹೋಗಲಿ.

ಮೂರನೇ ಅಡ್ಡರಸ್ತೆ:
ಜಂಟಿ ಗೋಡೆಯೇ ಸರ್, ನಮ್ಮ ಅಡುಗೆಮನೆ ಕಡೆ. ಅಲ್ಲೂ ಒಂದು ಬಿರುಕಿದೆ, ಹಳೇದೋ ಹೊಸದೋ ಗೊತ್ತಾಗ್ತಿಲ್ಲ. ವ್ಯಾನಿನವರಿಗೆ ಇವತ್ತೇ ಹೇಳಿದೆ, ನಾಳೆಯಿಂದ ರಸ್ತೆ ಮೂಲೆಯಲ್ಲಿ ನಿಲ್ಲಿಸ್ತಾರಂತೆ.

ಗಾರೆ ಕೆಲಸ:
ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟ್ ಹಾಕಿ, ತಾರೀಖು ಬರೆದಿಡಿ. ಗೋಡೆ ಅಲುಗಾಡಿದರೆ ಗಾಜು ಸೀಳುತ್ತೆ. ಸೀಳಿದರೆ ಅಡುಗೆ ಬೇರೆ ಕಡೆ ಮಾಡಿಕೊಳ್ಳಿ, ಆ ಫೋಟೋನೂ ಅರ್ಜಿಗೆ ಸೇರಿಸಿ. ಸುಮ್ನೆ ಪ್ಲಾಸ್ಟರ್ ಮೆತ್ತಿ ಮುಚ್ಚಬೇಡಿ, ಇಂಜಿನಿಯರ್ ಬಂದಾಗ ತೋರಿಸೋಕೆ ಏನೂ ಇರಲ್ಲ.