ಶಾಕ್ ಕೊಟ್ಟ ಮೇಲೆ ಅಮಿಯೊಡರೋನ್ ಬೇಕೇ ಬೇಕಾ?

ಪ್ರಶ್ನೆ: ಅಪ್ಪನಿಗೆ ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಬಡಿಯುವ ತೊಂದರೆ). ಶಾಕ್ ಕೊಟ್ಟು ಬಡಿತ ಸರಿ ಮಾಡಿದ್ದಾರೆ, ಮತ್ತೆ ಏರುಪೇರಾಗದಿರಲಿ ಅಂತ ಅಮಿಯೊಡರೋನ್ ಬರೆದಿದ್ದಾರೆ. ಫ್ಲೆಕನೈಡ್‌ನಲ್ಲಿ ತೊಂದರೆ ಕಮ್ಮಿ ಅಂತಾರೆ, ಅದನ್ನೇ ಕೇಳಲಾ? ಹಿಂದೆ ಒಮ್ಮೆ ಹಾರ್ಟ್ ಅಟ್ಯಾಕ್ ಆಗಿತ್ತು. ಬಡಿತ ಸರಿಯಾಗಿದೆಯಲ್ಲ, ರಕ್ತ ತೆಳು ಮಾಡುವ (ಹೆಪ್ಪುಗಟ್ಟದಂತೆ ತಡೆಯುವ) ಮಾತ್ರೆ ಇನ್ನೂ ಯಾಕೆ?

ಉತ್ತರ 1: ಅಟ್ಯಾಕ್ ಆದವರಿಗೆ ಫ್ಲೆಕನೈಡ್ ಕೊಡುವುದಿಲ್ಲ. 1989ರಲ್ಲಿ ಹೊರಬಂದ ಕಾಸ್ಟ್ ಅಧ್ಯಯನದಲ್ಲಿ, ಅಟ್ಯಾಕ್ ಆಗಿದ್ದವರ ಪೈಕಿ ಈ ಮಾತ್ರೆ ತಗೊಂಡವರೇ ಬರೀ ಡಮ್ಮಿ ಮಾತ್ರೆ ನುಂಗಿದವರಿಗಿಂತ ಜಾಸ್ತಿ ಸತ್ತರು. ಬಡಿತ ಸರಿಪಡಿಸುವ ಔಷಧಿಯೇ ಬಡಿತ ಕೆಡಿಸಬಹುದು, ಅದೇ ಇಲ್ಲಿನ ತಲೆನೋವು.

ಉತ್ತರ 2: ಬಡಿತ ಹಿಡಿದಿಡುವುದರಲ್ಲಿ ಅಮಿಯೊಡರೋನ್ ಎಲ್ಲಕ್ಕಿಂತ ಗಟ್ಟಿ, ಆದರೆ ಅದರಲ್ಲಿ ಅಯೋಡಿನ್ ತುಂಬಾ ಇದೆ. ಅದು ಥೈರಾಯ್ಡ್ ಕೆಡಿಸಬಹುದು, ಮಾತ್ರೆಯಿಂದ ಲಿವರ್‌ಗೂ ತೊಂದರೆ ಆಗಬಹುದು. ಹಾಗಾಗಿ ಆರು ತಿಂಗಳಿಗೊಮ್ಮೆ ಎರಡರ ಟೆಸ್ಟೂ ಮಾಡಿಸಿ. ಒಣಕೆಮ್ಮು, ಏದುಸಿರು ಶುರುವಾದರೆ ಸುಮ್ನೆ ನೆಗಡಿ ಅಂದ್ಕೋಬೇಡಿ, ಶ್ವಾಸಕೋಶಕ್ಕೂ ಪೆಟ್ಟು ಬೀಳಬಹುದು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ನಿಲ್ಲಿಸಿದರೂ ತಿಂಗಳುಗಟ್ಟಲೆ ಮೈಯಲ್ಲೇ ಇರುತ್ತದೆ.

ಉತ್ತರ 3: ರಕ್ತ ತೆಳು ಮಾಡುವ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ ಮಾರಾಯ್ರೇ! ಶಾಕ್ ಆದ ಮೇಲೆ ಕನಿಷ್ಠ 4 ವಾರ ಬೇಕೇ ಬೇಕು. ಆಮೇಲೂ ಬೇಕಾ ಅನ್ನೋದು ವಯಸ್ಸು, ಬಿಪಿ, ಶುಗರ್ ನೋಡಿ ತೀರ್ಮಾನ ಆಗುತ್ತದೆ, ಇವತ್ತಿನ ಇಸಿಜಿ ನೋಡಿ ಅಲ್ಲ. ರಕ್ತ ತೆಳು ಮಾಡುವ ಆ ಮಾತ್ರೆ ವಾರ್ಫರಿನ್ ಆಗಿದ್ದರೆ ಡಾಕ್ಟರಿಗೆ ನೆನಪಿಸಿ, ಅಮಿಯೊಡರೋನ್ ಜೊತೆ ಅದರ ಡೋಸ್ ಇಳಿಸಬೇಕಾಗುತ್ತದೆ.