ಪದಚರ್ಚೆ: ಪೈಲಟ್ ಉರಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರಿಗೆ ನಮಸ್ಕಾರ.

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ನನ್ನ ತಂಗಿ ಕೆನಡಾದ ಕ್ಯಾಲ್ಗರಿಯಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಅವ್ವ ಮುಂದಿನ ತಿಂಗಳು ಹೊರಟಿದ್ದಾಳೆ. ಅಲ್ಲಿ ಚಳಿಗಾಲದಲ್ಲಿ ಮೈನಸ್ 20ಕ್ಕಿಂತ ಕೆಳಗೂ ಇಳಿಯುತ್ತದೆ. ತಂಗಿಯ ಮನೆಯಲ್ಲಿ ಗೋಡೆಯೊಳಗೆ ಕೂರಿಸಿದ ಗ್ಯಾಸ್ ಫೈರ್‌ಪ್ಲೇಸ್ ಇದೆ. "ಅವ್ವಗೆ ಇಂಗ್ಲಿಷ್ ಓದಕ್ಕೆ ಬರಲ್ಲ. ಅದನ್ನ ನೋಡ್ಕೊಳ್ಳೋದು ಹೆಂಗೆ ಅಂತ ಕನ್ನಡದಲ್ಲಿ ಬರೆದುಕೊಡಣ್ಣ, ಪಕ್ಕದಲ್ಲೇ ಅಂಟಿಸ್ತೀನಿ" ಎಂದಳು. ಒಂದೇ ಪುಟದ ಕೆಲಸ. ವಾರವಾದರೂ ಮುಗಿದಿಲ್ಲ. ದೊಡ್ಡ ಉರಿ ಹತ್ತಿಸಲು ಒಳಗೆ ಸದಾ ಇರುವ ಸಣ್ಣ ಉರಿಗೆ, ಅಂದರೆ ಪೈಲಟ್ ಉರಿಗೆ, ಪದ ಸಿಕ್ಕಿಲ್ಲ.

ಫೈರ್‌ಪ್ಲೇಸಿಗೆ ‘ಅಗ್ಗಿಷ್ಟಿಕೆ’ ಎಂದು ಬರೆದೆ. ಪುಸ್ತಕಗಳಲ್ಲಿ ಓದಿದ ಪದ, ಸರಿಯಾಗಿಯೇ ಇದೆ ಅನ್ನಿಸಿತು. ಅವ್ವನಿಗೆ ಓದಿ ಹೇಳಿದರೆ ಬಹಳ ಖುಷಿಪಟ್ಟಳು. "ಒಳ್ಳೇದಾಯ್ತು ಬಿಡು, ಕೂಸಿಗೆ ನೀರು ಹಾಕಿದ ಮೇಲೆ ಅದರಾಗೇ ಲೋಬಾನ ಹಾಕಬಹುದು" ಎಂದಳು. ಅವಳ ಮಟ್ಟಿಗೆ ಅಗ್ಗಿಷ್ಟಿಕೆ ಅಂದರೆ ಬಾಣಂತಿ ಕೋಣೆಗೆ ಎತ್ತಿ ಒಯ್ಯುವ ಕೆಂಡದ ಪಾತ್ರೆ. ಇಲ್ಲಿರುವುದೋ ಗಾಜು ಮುಚ್ಚಿದ ಗ್ಯಾಸ್ ಒಲೆ. ಒಳಗೆ ಕಾಣುವ ಕೊರಡುಗಳು ಸೌದೆಯಲ್ಲ, ಸೆರಾಮಿಕ್‌ನವು. ಅವನ್ನು ಸ್ವಲ್ಪ ಸರಿಸಿದರೂ ಉರಿ ಕೆಟ್ಟು ಗಾಜಿಗೆ ಮಸಿ ಹಿಡಿಯಬಹುದು. ಒಳಗೆ ಏನನ್ನೂ ಹಾಕುವಂತಿಲ್ಲ. ಹಾಗಾಗಿ ಅಗ್ಗಿಷ್ಟಿಕೆ ಬಿಟ್ಟು ‘ಗ್ಯಾಸ್ ಬೆಂಕಿಗೂಡು’ ಎಂದು ಮಾಡಿದ್ದೇನೆ. ದೀಪದ ಗೂಡು ಇದ್ದ ಮನೆಯಲ್ಲಿ ಬೆಳೆದವಳು ಅವ್ವ. ಗೂಡು ಅಂದರೆ ಗೋಡೆಯಲ್ಲಿ ಇರುವುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

‘ಚಿಮಣಿ’ಯಲ್ಲೂ ಹೀಗೇ ಆಯಿತು. ನಮ್ಮ ಕಡೆ ಚಿಮಣಿ ಅಂದರೆ ಸೀಮೆಎಣ್ಣೆ ಬುಡ್ಡಿ. ಸೀಮೆಎಣ್ಣೆಗೇ ಚಿಮಣಿ ಎಣ್ಣೆ ಅನ್ನುವವರಿದ್ದಾರೆ. ‘ಚಿಮಣಿಯ ಬಾಯಿ ಕಟ್ಟಿಕೊಂಡಿದೆಯೇ ನೋಡಿ’ ಎಂದು ಬರೆದರೆ ಅವ್ವ ಮನೆಯೊಳಗೆ ಬುಡ್ಡಿ ಹುಡುಕುತ್ತಾಳೆ. ನೋಡಬೇಕಾದದ್ದು ಹೊರಗೋಡೆಯಲ್ಲಿರುವ ಕೊಳವೆಯ ಬಾಯಿಯನ್ನು. ಅದನ್ನು ಹಿಮವೋ ಹಕ್ಕಿಗೂಡೋ ಮುಚ್ಚಿದರೆ ಉರಿ ಸರಿಯಾಗಿ ಉರಿಯುವುದಿಲ್ಲ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಮನೆಯೊಳಗೆ ಸೇರಬಹುದು. ಅಡುಗೆ ಗ್ಯಾಸ್ ಸೋರಿದರೆ ಗೊತ್ತಾಗಲಿ ಎಂದು ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಈ ವಿಷಗಾಳಿಗೆ ವಾಸನೆಯೇ ಇಲ್ಲ. ಅದಕ್ಕೇ ಅಲ್ಲಿ ಅಲಾರಂ ಇಟ್ಟಿರುತ್ತಾರೆ. ಇಂಥ ಕಡೆ ಪದ ತಪ್ಪಬಾರದು ಅಲ್ವಾ? ‘ಹೊಗೆಕೊಳವೆ’ ಎಂದೇ ಬರೆದೆ.

‘ವಾರ್ಷಿಕ ನಿರ್ವಹಣೆ ಮತ್ತು ತಪಾಸಣೆ’ ಅಂದಾಗ ಅವ್ವ "ವರ್ಷಕ್ಕೊಂದ್ಸಲ ಸರ್ವೀಸ್ ಮಾಡಿಸೋದಾ?" ಎಂದು ಕೇಳಿದಳು. ಹೌದು, ಅಷ್ಟೇ. ಚಳಿಗಾಲಕ್ಕೆ ಮುಂಚೆ ಕೆಲಸ ಬಲ್ಲವರು ಬಂದು ಬರ್ನರ್, ಗಾಜಿನ ಸುತ್ತಲಿನ ಪಟ್ಟಿ, ಕೊಳವೆ ಎಲ್ಲ ನೋಡಿ ಹೋಗುತ್ತಾರೆ. ‘ಸರ್ವೀಸ್’ ಎಂದೇ ಉಳಿಸಿಕೊಂಡೆ.

ನಾನು ನಿಂತಿರುವುದು ಪೈಲಟ್ ಉರಿಯ ಹತ್ತಿರ. ಆ ಬೆಂಕಿಗೂಡಿನ ಬುಡದಲ್ಲಿ ಒಂದು ಸಣ್ಣ ನೀಲಿ ಉರಿ ಸದಾ ಇರುತ್ತದೆ. ದೊಡ್ಡ ಉರಿ ಹತ್ತುವುದು ಅದರಿಂದಲೇ. ಅದು ಒಂದು ಲೋಹದ ಕಡ್ಡಿಗೆ ತಾಗುತ್ತಿರುತ್ತದೆ, ಥರ್ಮೋಕಪಲ್ ಅನ್ನುತ್ತಾರೆ. ಕಡ್ಡಿ ಕಾದಾಗ ಸುಮಾರು 25ರಿಂದ 30 ಮಿಲಿವೋಲ್ಟ್ ವಿದ್ಯುತ್ ಹುಟ್ಟುತ್ತದೆ. ಗ್ಯಾಸಿನ ವಾಲ್ವನ್ನು ತೆರೆದು ಹಿಡಿಯಲು ಅಷ್ಟು ಸಾಕು. ಉರಿ ಆರಿದರೆ ಕಡ್ಡಿ ತಣ್ಣಗಾಗಿ ವಾಲ್ವ್ ತಾನೇ ಮುಚ್ಚಿಕೊಳ್ಳುತ್ತದೆ. ಒಂದು ಪುಟ್ಟ ಉರಿ ಇಡೀ ಮನೆಯನ್ನು ಕಾಯುತ್ತದೆ ಎಂದು ತಿಳಿದು ನನಗೆ ಬಹಳ ಸಂತೋಷವಾಯಿತು.

ಇದನ್ನು ಕೇಳಿ ಅವ್ವ ತಕ್ಷಣ "ನಂದಾದೀಪ ಅನ್ನು" ಎಂದಳು. ಎಷ್ಟು ಚಂದದ ಪದ! ಆದರೆ ನಂದಾದೀಪ ನಂದಬಾರದು. ಬೇಸಿಗೆಯಲ್ಲಿ ಬೇಡವಾದಾಗ, ಸರ್ವೀಸಿಗೆ ಮುಂಚೆ, ಪೈಲಟನ್ನು ಆರಿಸಲೇಬೇಕು. ನಂದಾದೀಪ ಎಂದು ಹೆಸರಿಟ್ಟರೆ ಅವ್ವನ ಕೈ ಅದನ್ನು ಆರಿಸಲು ಏಳುವುದಿಲ್ಲ. ಇನ್ನೂ ಒಂದು ತೊಡಕಿದೆ. ನಮ್ಮ ಮನೆಯಲ್ಲಿ ‘ದೀಪ ಆರಿಸು’ ಅನ್ನುವುದಿಲ್ಲ, ಅಪಶಕುನ. ‘ದೀಪ ದೊಡ್ಡದು ಮಾಡು’ ಅನ್ನುತ್ತೇವೆ. ಗ್ಯಾಸಿನ ಹಾಳೆಯಲ್ಲಿ ಹಾಗೆ ಬರೆದರೆ ಏನಾದೀತು! ಅವ್ವನಿಗೆ ಆರಿಸು ಎಂದು ತಿಳಿಯುತ್ತದೆ, ಅದನ್ನೇ ಓದಿದ ಬೇರೆಯವರು ಉರಿ ಜಾಸ್ತಿ ಮಾಡುತ್ತಾರೆ. ಅದಕ್ಕೆ ಹೆಸರಿನಲ್ಲಿ ‘ದೀಪ’ ಬರುವುದೇ ಬೇಡ ಅನ್ನಿಸುತ್ತಿದೆ. ‘ಉರಿ’ ಇರಲಿ. ಉರಿಯನ್ನು ಆರಿಸಲು ಯಾರೂ ಅಂಜುವುದಿಲ್ಲ, ದಿನಾ ಅಡುಗೆ ಮನೆಯಲ್ಲಿ ಮಾಡುವ ಕೆಲಸ.

ಸದ್ಯಕ್ಕೆ ‘ಕಾವಲುರಿ’ ಎಂದು ಬರೆದಿಟ್ಟಿದ್ದೇನೆ. ಕಟ್ಟಿದ ಪದ, ಬಾಯಲ್ಲಿ ಬೆಳೆದದ್ದಲ್ಲ. ಹಾಗೆ ಬೆಳೆದ ಪದವೊಂದು ಎಲ್ಲೋ ಇರಬೇಕು ಅನ್ನಿಸುತ್ತದೆ. ನಮ್ಮ ಅಜ್ಜಿ ರಾತ್ರಿ ಒಲೆಯಲ್ಲಿ ಒಂದು ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುತ್ತಿದ್ದಳು. ಬೆಳಿಗ್ಗೆ ಅದನ್ನೇ ಊದಿ ಒಲೆ ಹಚ್ಚುತ್ತಿದ್ದಳು. ಪಕ್ಕದ ಮನೆಯವರೂ ಕುಳ್ಳು ಹಿಡಿದು ಬೆಂಕಿ ಕೇಳಲು ಬರುತ್ತಿದ್ದರಂತೆ. ಪೈಲಟ್ ಉರಿ ಮಾಡುವುದೂ ಇದೇ ಕೆಲಸ. ಹಾಗೆ ಮುಚ್ಚಿ ಉಳಿಸಿದ ಬೆಂಕಿಗೆ ಅಜ್ಜಿ ಏನನ್ನುತ್ತಿದ್ದಳು ಎಂದು ಅವ್ವನಿಗೆ ನೆನಪಿಲ್ಲ. ನಿಮ್ಮ ಮನೆಗಳಲ್ಲಿ, ಹಿರಿಯರ ಬಾಯಲ್ಲಿ ಅದಕ್ಕೊಂದು ಹೆಸರಿತ್ತೇ? ಚಿತ್ರದುರ್ಗ, ಜಗಳೂರು, ಹರಪನಹಳ್ಳಿ ಕಡೆಯವರು ದಯವಿಟ್ಟು ಮನೆಯಲ್ಲಿ ಕೇಳಿ ತಿಳಿಸಿ.